ದತ್ತಾಂಶ ಸಂಚಯದಿಂದ ಬೇಕಾದಷ್ಟೇ ಸಾಲುಗಳನ್ನು ಪಡೆಯುವ ವಿಧಾನ

ಪರೀಕ್ಷಾ ಫಲಿತಾಂಶ, ಮತದಾರರ ಪಟ್ಟಿ, ಪಿಂಚಣಿದಾರರ ವಿವರ ಮುಂತಾದವು ಇಂದು ಗಣಕಯಂತ್ರದ ದತ್ತಾಂಶ ಸಂಚಯಗಳಲ್ಲಿ ಅಡಕವಾಗಿವೆ. ಲಕ್ಷಾಂತರ ಹೆಸರುಗಳನ್ನು ಒಮ್ಮೆಗೇ ತೆರೆಯ ಮೇಲೆ ತರುವುದು ಅಗತ್ಯವೂ ಅಲ್ಲ, ಅನುಕೂಲವೂ ಅಲ್ಲ. ಆದುದರಿಂದ ಪುಟಕ್ಕೆ 20 ಹೆಸರುಗಳಂತೆ ಪಟ್ಟಿಯನ್ನು ಭಾಗ ಮಾಡಿ ತೋರಿಸುವುದು ವಾಡಿಕೆ. ಈ ಕಾರ್ಯ ಸರಳವೆಂದು ಕಂಡರೂ, ಇದರಲ್ಲಿ ಲೋಪವಾದರೆ ಅರ್ಹರೊಬ್ಬರ ಹೆಸರು ಯಾವ ಪುಟದಲ್ಲಿಯೂ ಕಾಣದೆ ಹೋಗಬಹುದು.

ಸಾಲುಗಳಿಗೆ ಸಹಜ ಕ್ರಮವಿಲ್ಲ

ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ಕಾಣುವ ಸಂಬಂಧಾತ್ಮಕ ಮಾದರಿಯನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು 1974ರಲ್ಲಿ ಪ್ರಕಟಿಸಿದ ಪ್ರಶ್ನಾಭಾಷೆಯೇ ಇಂದಿನ ಎಸ್.ಕ್ಯೂ.ಎಲ್. ಭಾಷೆಯ ಮೂಲ. ಈ ಮಾದರಿಯಲ್ಲಿ ಕೋಷ್ಟಕವೆಂದರೆ ಸಾಲುಗಳ ಸಮೂಹವೇ ಹೊರತು ಸಾಲಾಗಿ ಜೋಡಿಸಿದ ಪುಸ್ತಕವಲ್ಲ. ‘ಆರ್ಡರ್ ಬೈ’ ಎಂಬ ಸೂಚನೆಯ ಮೂಲಕ ಕ್ರಮವನ್ನು ನಿಗದಿಪಡಿಸದಿದ್ದರೆ ‘41ನೆಯ ಸಾಲು’ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ಕ್ರಮವನ್ನು ಹೇಳಿದರಷ್ಟೇ ಸಾಲದು. ಅಂಕಗಳ ಇಳಿಕೆಯ ಕ್ರಮದಲ್ಲಿ ಪಟ್ಟಿ ಮಾಡುವಾಗ ಇಬ್ಬರು ಅಭ್ಯರ್ಥಿಗಳಿಗೆ 512 ಅಂಕಗಳಿದ್ದರೆ, ಯಾರು ಮೊದಲು ಎಂಬುದು ಪ್ರತಿ ಪ್ರಶ್ನೆಗೂ ಬದಲಾಗಬಹುದು. ಆಗ ಒಬ್ಬರ ಹೆಸರು ಎರಡು ಪುಟಗಳಲ್ಲಿ ಬಂದು, ಇನ್ನೊಬ್ಬರದು ಕಾಣದಾಗುತ್ತದೆ. ಅಂಕಗಳ ಜೊತೆಗೆ, ಎಂದೂ ಪುನರಾವರ್ತನೆಯಾಗದ ನೋಂದಣಿ ಸಂಖ್ಯೆಯನ್ನೂ ಕ್ರಮಕ್ಕೆ ಸೇರಿಸುವುದೇ ಇದಕ್ಕೆ ಪರಿಹಾರ.

ಸಾಲುಗಳನ್ನು ಆಯುವ ಬಗೆ

ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ವ್ಯವಸ್ಥೆಗಳಲ್ಲಿ ‘ಲಿಮಿಟ್ 20 ಆಫ್‌ಸೆಟ್ 40’ ಎಂದು ಬರೆದರೆ ಮೊದಲ 40 ಸಾಲುಗಳನ್ನು ಬಿಟ್ಟು ಮುಂದಿನ 20 ದೊರೆಯುತ್ತವೆ. ಇದು ಮೂರನೆಯ ಪುಟ, ಅಂದರೆ 41ರಿಂದ 60ರವರೆಗಿನ ಸಾಲುಗಳು. ಪುಟಸಂಖ್ಯೆಯಲ್ಲಿ ಒಂದನ್ನು ಕಳೆದು, ಉಳಿದುದನ್ನು ಪುಟದ ಸಾಲುಗಳ ಸಂಖ್ಯೆಯಿಂದ ಗುಣಿಸಿದರೆ ಬಿಡಬೇಕಾದ ಸಾಲುಗಳ ಲೆಕ್ಕ ಸಿಗುತ್ತದೆ.

ಒರಾಕಲ್ ವ್ಯವಸ್ಥೆಯಲ್ಲಿ ಬಹುಕಾಲ ‘ರೋನಮ್’ ಎಂಬ ಸಾಲುಸಂಖ್ಯೆಯೇ ಆಧಾರವಾಗಿತ್ತು. ಆದರೆ ‘ರೋನಮ್ 41ರಿಂದ 60’ ಎಂದು ನೇರವಾಗಿ ಕೇಳಿದರೆ ಒಂದು ಸಾಲೂ ಬರುವುದಿಲ್ಲ. ಮೊದಲು ಬಂದ ಸಾಲಿಗೆ 1 ಎಂಬ ಸಂಖ್ಯೆ ದೊರೆಯುತ್ತದೆ. ಷರತ್ತಿಗೆ ಹೊಂದದ ಕಾರಣ ಅದು ತಿರಸ್ಕೃತವಾಗುತ್ತದೆ. ಮುಂದಿನ ಸಾಲಿಗೂ ಮತ್ತೆ ಅದೇ 1 ದೊರೆತು, ಎಣಿಕೆ ಮುಂದುವರಿಯುವುದೇ ಇಲ್ಲ. ಆದುದರಿಂದ ಒಳಗಿನ ಪ್ರಶ್ನೆಯಲ್ಲಿ ಸಾಲುಗಳನ್ನು ಕ್ರಮಗೊಳಿಸಿ, ಅದರ ಹೊರಗೆ 60ರವರೆಗೆ ಸಂಖ್ಯೆ ನೀಡಿ, ಎಲ್ಲಕ್ಕಿಂತ ಹೊರಗಿನ ಪ್ರಶ್ನೆಯಲ್ಲಿ 41ಕ್ಕಿಂತ ಕೆಳಗಿನವನ್ನು ಕೈಬಿಡಬೇಕು. 2003ರ ಎಸ್.ಕ್ಯೂ.ಎಲ್. ಮಾನಕದಲ್ಲಿ ಸೇರ್ಪಡೆಯಾದ ‘ರೋ ನಂಬರ್’ ಕಾರ್ಯವು ಈ ಕೆಲಸವನ್ನು ಸುಗಮಗೊಳಿಸಿತು. ಒರಾಕಲ್‌ನಲ್ಲಿ 2013ರ 12ಸಿ ಆವೃತ್ತಿಯಿಂದ ‘ಆಫ್‌ಸೆಟ್’ ಮತ್ತು ‘ಫೆಚ್’ ಸೂಚನೆಗಳೂ ಲಭ್ಯವಾಗಿವೆ.

ದೂರದ ಪುಟಗಳ ಸಮಸ್ಯೆ

ಬಿಟ್ಟುಬಿಡಿ ಎಂದ ಸಾಲುಗಳನ್ನೂ ಯಂತ್ರವು ಸಾಮಾನ್ಯವಾಗಿ ಎಣಿಸಿಯೇ ದಾಟಬೇಕಾಗುತ್ತದೆ. ಒಂದು ಲಕ್ಷ ಸಾಲುಗಳ ನಂತರದ 20 ಸಾಲುಗಳನ್ನು ಕೇಳಿದರೆ ವಿಳಂಬವಾಗುವುದು ಇದರಿಂದಲೇ. ಅಲ್ಲದೆ, ಓದುಗನು ಎರಡನೆಯ ಪುಟದಲ್ಲಿರುವಾಗ ಆರಂಭದ ಒಂದು ಹೆಸರು ರದ್ದಾದರೆ ಉಳಿದವೆಲ್ಲ ಒಂದೊಂದು ಸ್ಥಾನ ಮೇಲೇರುತ್ತವೆ. 41ನೆಯ ಹೆಸರು 40ನೆಯದಾಗಿ, ಮೂರನೆಯ ಪುಟದಿಂದ ತಪ್ಪಿಹೋಗುತ್ತದೆ.

ಇದಕ್ಕೆ ಇನ್ನೊಂದು ಮಾರ್ಗವಿದೆ. ಹಿಂದಿನ ಪುಟದ ಕೊನೆಯ ಸಾಲಿನಲ್ಲಿ 512 ಅಂಕಗಳೂ 3071 ಎಂಬ ನೋಂದಣಿ ಸಂಖ್ಯೆಯೂ ಇದ್ದರೆ, ‘512ಕ್ಕಿಂತ ಕಡಿಮೆ ಅಂಕ, ಅಥವಾ ಅಷ್ಟೇ ಅಂಕ ಮತ್ತು 3071ಕ್ಕಿಂತ ಹೆಚ್ಚಿನ ನೋಂದಣಿ ಸಂಖ್ಯೆ’ ಇರುವ ಮೊದಲ 20 ಸಾಲುಗಳನ್ನು ಕೇಳಬೇಕು. ಸೂಕ್ತ ಸೂಚಿ ಇದ್ದಲ್ಲಿ ಯಂತ್ರವು ನೇರವಾಗಿ ಆ ಸ್ಥಳಕ್ಕೇ ಹೋಗುತ್ತದೆ. ಆದರೆ 50ನೆಯ ಪುಟಕ್ಕೆ ಒಮ್ಮೆಗೇ ಜಿಗಿಯುವ ಸೌಲಭ್ಯ ಇದರಲ್ಲಿಲ್ಲ.

ಸಾರ್ವಜನಿಕ ಪಟ್ಟಿಗಳನ್ನು ಸಿದ್ಧಪಡಿಸುವ ಕಚೇರಿಗಳು ಖಚಿತವಾದ ಕ್ರಮವನ್ನು ನಿಗದಿಪಡಿಸುವುದರ ಜೊತೆಗೆ, ಎಲ್ಲ ಪುಟಗಳ ಹೆಸರುಗಳನ್ನು ಮೂಲ ಪಟ್ಟಿಯೊಡನೆ ತಾಳೆ ನೋಡುವುದು ಒಳಿತು. ಒಟ್ಟು ಸಂಖ್ಯೆ ಸರಿಹೊಂದಿದರೂ ಒಂದು ಹೆಸರು ಎರಡು ಬಾರಿ ಬಂದು ಮತ್ತೊಂದು ಬಿಟ್ಟುಹೋಗಿರಬಹುದು. ನಾಗರಿಕರೂ ಪುಟಗಳಲ್ಲಿ ತಮ್ಮ ಹೆಸರು ಕಾಣದಿದ್ದಲ್ಲಿ, ಅದು ಪಟ್ಟಿಯಲ್ಲೇ ಇಲ್ಲವೆಂದು ಭಾವಿಸದೆ ನೋಂದಣಿ ಸಂಖ್ಯೆಯ ಮೂಲಕ ನೇರವಾಗಿ ಹುಡುಕಿ ಖಚಿತಪಡಿಸಿಕೊಳ್ಳುವುದು ಉಚಿತ.