ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್: ನಿಯಮ ಕೇಳುವುದು, ಪಾಠ ಕೇಳುವುದು

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಪದವಿ ಕಾಲೇಜುಗಳಲ್ಲಿ ಬಿಎಸ್ಸಿಗೆ ಗಣಿತ ಆರಿಸಿಕೊಂಡವರಿಗೆ ಮೊದಲ ಸೆಮಿಸ್ಟರಿನಲ್ಲೇ ಕಲನಶಾಸ್ತ್ರ ಎದುರಾಗುತ್ತದೆ. ಪುಸ್ತಕದಲ್ಲಿ ಕಲನಶಾಸ್ತ್ರ, ಹುಡುಗರ ಬಾಯಲ್ಲಿ ಕ್ಯಾಲ್ಕುಲಸ್. ಈ ಭಾಗದ ಕಾಲೇಜುಗಳು 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದವು. ಶಹಾಬಾದಿನ ಎಸ್.ಎಸ್. ಮರಗೋಳ ಕಾಲೇಜಿನಲ್ಲಿ ಓದಿದರೂ, ಸೇಡಂನ ನೃಪತುಂಗ ಕಾಲೇಜಿನಲ್ಲಿ ಓದಿದರೂ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿದರೂ ಪಠ್ಯಕ್ರಮ ಒಂದೇ, ಕೊನೆಯ ಪ್ರಶ್ನೆಪತ್ರಿಕೆಯೂ ಒಂದೇ.

ಅಮೆರಿಕದ ಕಾಲೇಜುಗಳಲ್ಲಿ ರೂಢಿ ಬೇರೆ. ಅಲ್ಲಿ ಮೊದಲ ದಿನವೇ ಪಾಠ ಮಾಡುವವರು ತಮ್ಮ ಕೋರ್ಸಿನ ನಿಯಮಪತ್ರವನ್ನು ಕೈಗೆ ಕೊಡುತ್ತಾರೆ. ಮನೆಗೆಲಸಕ್ಕೆ ಎಷ್ಟು ಅಂಕ, ತಡವಾಗಿ ಕೊಟ್ಟರೆ ಎಷ್ಟು ಕಡಿತ, ಕ್ಯಾಲ್ಕುಲೇಟರ್ ಬಳಸಬಹುದೇ, ಗೆಳೆಯರೊಂದಿಗೆ ಕೂತು ಲೆಕ್ಕ ಬಿಡಿಸಬಹುದೇ, ಎಲ್ಲವೂ ಅದರಲ್ಲಿರುತ್ತದೆ. ಇಲ್ಲಿ ಆ ನಿರ್ಧಾರಗಳಲ್ಲಿ ಬಹುಪಾಲು ವಿಶ್ವವಿದ್ಯಾಲಯದ್ದು. ಮೇಷ್ಟ್ರ ಕೈಯಲ್ಲಿ ಉಳಿಯುವುದು ಆಂತರಿಕ ಅಂಕ, ಪಾಠದ ವೇಗ ಮತ್ತು ಬೋರ್ಡಿನ ಮೇಲೆ ಯಾವ ಲೆಕ್ಕವನ್ನು ಪೂರ್ತಿ ಬಿಡಿಸಬೇಕು ಎಂಬ ಆಯ್ಕೆ. ಹೀಗಾಗಿ ವಿದ್ಯಾರ್ಥಿಗೆ ಅಂಕದ ನಿಯಮ ಬೇಗ ತಿಳಿದುಬಿಡುತ್ತದೆ. ಕೋರ್ಸು ತನ್ನಿಂದ ನಿಜವಾಗಿ ಬಯಸುವುದೇನು ಎಂಬುದು ಮಾತ್ರ ಯಾವ ಸುತ್ತೋಲೆಯಲ್ಲೂ ಬರೆದಿರುವುದಿಲ್ಲ.

ಅಂಕದ ಲೆಕ್ಕ ಇತ್ತೀಚೆಗೆ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 60, ಆಂತರಿಕ ಮೌಲ್ಯಮಾಪನಕ್ಕೆ 40 ಅಂಕ ಇದ್ದವು. 2024-25ರಲ್ಲಿ ಸರ್ಕಾರ ಆ ನೀತಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದಾಗ ಹಂಚಿಕೆ 80 ಮತ್ತು 20ಕ್ಕೆ ಬಂತು. ಇದು ಸಣ್ಣ ಬದಲಾವಣೆಯಲ್ಲ. 40 ಅಂಕ ಕಾಲೇಜಿನಲ್ಲೇ ಸಿಗುವಂತಿದ್ದಾಗ ಕಿರುಪರೀಕ್ಷೆ, ಅಸೈನ್‌ಮೆಂಟ್‌ಗಳಿಗೆ ತೂಕವಿತ್ತು. ವಿದ್ಯಾರ್ಥಿ ನಡುವೆ ಎಡವಿದರೂ ಎದ್ದು ನಿಲ್ಲಲು ಜಾಗವಿತ್ತು. ಈಗ ಮೂರು ತಾಸಿನ ಒಂದು ಪತ್ರಿಕೆಯೇ ಬಹುತೇಕ ಎಲ್ಲವನ್ನೂ ತೀರ್ಮಾನಿಸುತ್ತದೆ. ಹಿಂದಿನ 40ರಲ್ಲಿ ಕೇಳಿದವರಿಗೆಲ್ಲ ಕೈತುಂಬ ಅಂಕ ಹಾಕುವ ಉದಾರತೆಯೂ ಸೇರಿಕೊಂಡಿತ್ತು ಎಂಬ ಆಕ್ಷೇಪ ಇತ್ತು, ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಗಣಿತದಂಥ ವಿಷಯಕ್ಕೆ ಪದೇ ಪದೇ ಸಣ್ಣ ಪರೀಕ್ಷೆ ನಡೆಯುವುದೇ ಒಳ್ಳೆಯದು.

ಹಾಜರಿ ಶೇ. 75 ಇರಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಅರ್ಹತೆ ಹೋಗುತ್ತದೆ. ಈ ನಿಯಮ ಎಲ್ಲರಿಗೂ ಒಂದೇ ಆದರೂ ಎಲ್ಲರ ಮೇಲೂ ಒಂದೇ ಭಾರ ಹಾಕುವುದಿಲ್ಲ. ಓಡಾಟದ ಅನುಕೂಲ ಊರಿಂದ ಊರಿಗೆ ಬೇರೆ. ವಾಡಿ ರೈಲು ಜಂಕ್ಷನ್. ಶಹಾಬಾದ್ ಕಲಬುರಗಿ–ವಾಡಿ ಮಾರ್ಗದಲ್ಲಿದೆ. ಚಿತ್ತಾಪುರ ಮತ್ತು ಸೇಡಂ ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಮಾರ್ಗದಲ್ಲಿವೆ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ಊರಿಂದ ತಾಲ್ಲೂಕು ಕೇಂದ್ರಕ್ಕೆ ದಿನಾ ಓಡಾಡುವ ವಿದ್ಯಾರ್ಥಿಗೆ ಬೆಳಗಿನ ಬಸ್ಸು ತಪ್ಪಿದರೆ ಮೊದಲ ತಾಸು ಹೋಯಿತು. ತೊಗರಿ ರಾಶಿಯ ಹೊತ್ತಿನಲ್ಲಿ ಮನೆಯವರ ಜೊತೆ ಹೊಲಕ್ಕೆ ಇಳಿಯಬೇಕಾದವರೂ ಇರುತ್ತಾರೆ.

ನಿಯಮದ ಒಳಗೇ ಉಳಿದು ಎಷ್ಟು ಕಳೆದುಕೊಳ್ಳಬಹುದು ಎಂದು ನೋಡಿದರೆ ಸಂಗತಿ ಇನ್ನಷ್ಟು ಗಂಭೀರ. ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದ ಮೊದಲ ಸೆಮಿಸ್ಟರಿನ ಗಣಿತ ಪತ್ರಿಕೆ 4 ಕ್ರೆಡಿಟ್‌ನದು, ಒಟ್ಟು 56 ತಾಸು. ಅದರಲ್ಲಿ ತಲಾ 14 ತಾಸಿನ ನಾಲ್ಕು ಘಟಕ. ಶೇ. 75 ಎಂದರೆ 42 ತಾಸು. ಉಳಿದ 14 ತಾಸು ಬಾರದಿದ್ದರೂ ಹಾಲ್ ಟಿಕೆಟ್ ಸಿಗುತ್ತದೆ. ಅಂದರೆ ಒಂದು ಇಡೀ ಘಟಕವನ್ನು ಕೇಳದೆಯೇ ನಿಯಮ ಪಾಲಿಸಬಹುದು. ಇತಿಹಾಸದಲ್ಲಿ ಒಂದು ಅಧ್ಯಾಯ ಬಿಟ್ಟರೆ ಮುಂದಿನದನ್ನು ಓದಿಕೊಳ್ಳಬಹುದು. ಗಣಿತದಲ್ಲಿ ಹಾಗಲ್ಲ, ಮಿತಿ (ಲಿಮಿಟ್) ಗೊತ್ತಿಲ್ಲದವನಿಗೆ ಸರಾಸರಿ ಮೌಲ್ಯದ ಪ್ರಮೇಯ ಬರೀ ಅಕ್ಷರಗಳ ಸಾಲು.

ಆ ಪತ್ರಿಕೆಯಲ್ಲಿ ಮೊದಲ ಘಟಕ ಮ್ಯಾಟ್ರಿಕ್ಸ್. ಬಳಿಕ ಧ್ರುವೀಯ ನಿರ್ದೇಶಾಂಕಗಳು ಮತ್ತು ವಕ್ರತೆ, ಆಮೇಲೆ ಮಿತಿ, ಸಾತತ್ಯ, ರೋಲ್, ಲಗ್ರಾಂಜ್, ಕೌಶಿ, ಟೇಲರ್ ಪ್ರಮೇಯಗಳು, ಕೊನೆಗೆ ಲೈಬ್ನಿಜ್ ಪ್ರಮೇಯದವರೆಗೆ ಮತ್ತೆ ಮತ್ತೆ ಅವಕಲನ. ಯೋಜನೆ ಬದಲಾದಾಗ ಘಟಕಗಳ ಕ್ರಮ ಹಿಂದೆಮುಂದೆ ಆಗುತ್ತದೆ, ಅವಕಲನದ ತಿರುಳು ಮಾತ್ರ ಇದೇ. ಮ್ಯಾಟ್ರಿಕ್ಸ್‌ನಲ್ಲಿ ಕೇಲಿ-ಹ್ಯಾಮಿಲ್ಟನ್ ಪ್ರಮೇಯದ ಲೆಕ್ಕ ಎಂದರೆ ವಿದ್ಯಾರ್ಥಿಗಳಿಗೆ ಬಲು ಇಷ್ಟ, ಏಕೆಂದರೆ ವಿಧಾನ ನಿಶ್ಚಿತ ಮತ್ತು ಅಂಕ ಖಚಿತ. ಅದನ್ನೂ ಲೈಬ್ನಿಜ್ ಪ್ರಮೇಯದ ನಾಲ್ಕಾರು ಮಾದರಿಗಳನ್ನೂ ಗಟ್ಟಿ ಮಾಡಿಕೊಂಡು, ಮಿತಿಯ ಅಧ್ಯಾಯವನ್ನು ಮುಟ್ಟದೆ ತೇರ್ಗಡೆಯಾಗುವವರಿದ್ದಾರೆ. ಅದರ ಸಾಲ ತೀರಿಸಬೇಕಾಗುವುದು ಮುಂದಿನ ವರ್ಷಗಳಲ್ಲಿ, ರಿಯಲ್ ಅನಾಲಿಸಿಸ್ ಎದುರಾದಾಗ.

ಮಿತಿ ಏಕೆ ಕಷ್ಟ ಎಂಬುದಕ್ಕೆ ಇದೇ ನೆಲದಲ್ಲಿ ಒಂದು ಹಳೆಯ ಸಾಕ್ಷಿ ಇದೆ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, 9ನೇ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಭಿನ್ನರಾಶಿ, ಶ್ರೇಢಿ, ಕ್ಷೇತ್ರಗಣಿತಗಳಲ್ಲಿ ಎತ್ತರಕ್ಕೇರಿದ ಆ ಗ್ರಂಥ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎನ್ನುತ್ತದೆ. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ. ಅಂಥ ಪಂಡಿತನಿಗೂ ತೊಡಕಾದ ಜಾಗದಲ್ಲೇ ಕಲನಶಾಸ್ತ್ರದ ಬಾಗಿಲಿದೆ. ಎಕ್ಸ್‌ನ ವರ್ಗದಲ್ಲಿ 4 ಕಳೆದು, ಬಂದದ್ದನ್ನು ಎಕ್ಸ್‌ನಲ್ಲಿ 2 ಕಳೆದ ಸಂಖ್ಯೆಯಿಂದ ಭಾಗಿಸಬೇಕು ಎನ್ನೋಣ. ಎಕ್ಸ್‌ಗೆ 2 ಇಟ್ಟರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. 1.9 ಇಟ್ಟರೆ ಉತ್ತರ 3.9, 1.99 ಇಟ್ಟರೆ 3.99, 2.01 ಇಟ್ಟರೆ 4.01. ಆ ಬಿಂದುವಿನಲ್ಲಿ ಬೆಲೆ ಇಲ್ಲದಿದ್ದರೂ ಅದರ ಹತ್ತಿರಕ್ಕೆ ಹೋದಷ್ಟೂ ಉತ್ತರ 4ರ ಹತ್ತಿರ ಹೋಗುತ್ತದೆ. ಮಿತಿ ಎಂದರೆ ಇಷ್ಟೆ. ಆದರೆ ‘ಹತ್ತಿರ’ ಎಂಬುದನ್ನು ಕರಾರುವಾಕ್ಕಾಗಿ ಹೇಳಲು ಯುರೋಪಿನ ಗಣಿತಜ್ಞರಿಗೆ ನ್ಯೂಟನ್, ಲೈಬ್ನಿಜ್‌ರ ನಂತರವೂ ನೂರೈವತ್ತು ವರ್ಷ ಹಿಡಿಯಿತು. 14 ತಾಸಿನ ಒಂದು ಘಟಕದಲ್ಲಿ ಅದನ್ನು ಅರಗಿಸಿಕೊಳ್ಳಬೇಕಾದ ಹದಿನೆಂಟರ ಹುಡುಗಿ ತಬ್ಬಿಬ್ಬಾದರೆ ಅವಳನ್ನು ದಡ್ಡಿ ಎನ್ನುವಂತಿಲ್ಲ.

ಸರಾಸರಿ ಮೌಲ್ಯದ ಪ್ರಮೇಯವನ್ನು ರೈಲಿನಲ್ಲಿ ಓಡಾಡುವವರಿಗೆ ಬೇಗ ಹೇಳಬಹುದು. ವಾಡಿಯಿಂದ ಸೇಡಂವರೆಗೆ ಗಾಡಿಯ ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಇತ್ತು ಎಂದುಕೊಳ್ಳೋಣ. ನಡುವೆ ಚಿತ್ತಾಪುರದಲ್ಲಿ ನಿಂತಿರಲಿ, ಸಿಗ್ನಲ್‌ಗೆ ಕಾದಿರಲಿ, ಒಂದಾದರೂ ಕ್ಷಣದಲ್ಲಿ ಅದರ ವೇಗ ಸರಿಯಾಗಿ 40 ಆಗಿಯೇ ಇರಬೇಕು. ಲಗ್ರಾಂಜ್ ಹೇಳುವುದು ಇದನ್ನೇ. ಆ ಕ್ಷಣ ಯಾವುದು ಎಂದು ಪ್ರಮೇಯ ಹೇಳುವುದಿಲ್ಲ, ಇದ್ದೇ ಇದೆ ಎಂದಷ್ಟೇ ಹೇಳುತ್ತದೆ. ಪರೀಕ್ಷೆಯಲ್ಲಿ ಪ್ರಮೇಯದ ಷರತ್ತುಗಳನ್ನು ಬರೆಯದೆ ನೇರವಾಗಿ ಉತ್ತರಕ್ಕೆ ಹಾರುವವರು ಅಂಕ ಕಳೆದುಕೊಳ್ಳುವುದು ಇಲ್ಲೇ. ಫಲನ ಅಂತರಾಳದ ಉದ್ದಕ್ಕೂ ಸತತವೇ, ಒಳಗೆಲ್ಲ ಅವಕಲನೀಯವೇ ಎಂದು ಮೊದಲು ಪರಿಶೀಲಿಸಿ ಬರೆಯಬೇಕು. ಮೌಲ್ಯಮಾಪಕರು ಹೆಜ್ಜೆಗಳಿಗೆ ಅಂಕ ಕೊಡುತ್ತಾರೆ; ಕೊನೆಯ ಉತ್ತರ ತಪ್ಪಿದರೂ ದಾರಿ ಸರಿಯಿದ್ದರೆ ಬಹುಪಾಲು ಅಂಕ ಉಳಿಯುತ್ತದೆ.

ಹೀಗೆ ಹೆಜ್ಜೆಹೆಜ್ಜೆಯಾಗಿ ಬರೆಯುವ ಅಭ್ಯಾಸಕ್ಕೆ ಪಿಯುಸಿಯ ಕೊನೆಯ ತಿಂಗಳುಗಳು ಧಕ್ಕೆ ತರುತ್ತವೆ. ಮೊದಲ ಪಿಯುನಲ್ಲೇ ಮಿತಿ ಮತ್ತು ಅವಕಲನದ ಪರಿಚಯವಾಗಿರುತ್ತದೆ, ಎರಡನೇ ಪಿಯುನಲ್ಲಿ ಅನುಕಲನ, ಅವಕಲ ಸಮೀಕರಣಗಳೂ ಬರುತ್ತವೆ. ಹಾಗಾಗಿ ವಿಷಯ ಹೊಸದಲ್ಲ. ಆದರೆ ಸಿಇಟಿಯ ಗಣಿತ ಪತ್ರಿಕೆ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಗೆಲ್ಲುವುದು ಆಯ್ಕೆಗಳನ್ನೇ ಸಮೀಕರಣಕ್ಕೆ ಹಾಕಿ ನೋಡುವ ಚುರುಕುತನ. ಅದರಲ್ಲಿ ಪಳಗಿದ ಕೈಗೆ ಒಂದು ಪ್ರಮೇಯವನ್ನು ಎರಡು ಪುಟ ಸಾಧಿಸಿ ಬರೆಯುವುದು ಬೇಸರದ ಕೆಲಸವಾಗಿ ಕಾಣುತ್ತದೆ. ಇನ್ನು ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪದವಿಯ ಗಣಿತ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಸಿಗುತ್ತವೆ: ಜಿ.ಕೆ. ರಂಗನಾಥ್ ಅವರ ಬಿಎಸ್ಸಿ ಪಠ್ಯ, ಶಾಂತಿನಾರಾಯಣ್ ಅವರ ಡಿಫರೆನ್ಶಿಯಲ್ ಕ್ಯಾಲ್ಕುಲಸ್. ಸೂತ್ರಗಳು ಭಾಷೆ ಕೇಳುವುದಿಲ್ಲ, ಪ್ರಮೇಯದ ಹೇಳಿಕೆ ಕೇಳುತ್ತದೆ. ತರಗತಿಯಲ್ಲಿ ಒಂದು ಸಲ ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸುವ ಅಧ್ಯಾಪಕರ ಪದ್ಧತಿ ನಿಯಮಪುಸ್ತಕದಲ್ಲಿಲ್ಲದಿದ್ದರೂ ಬಹಳ ಉಪಯುಕ್ತ.

ಇನ್ನೊಂದು ಬರೆಯದ ನಿರೀಕ್ಷೆ ಬೀಜಗಣಿತದ್ದು. ಕ್ಯಾಲ್ಕುಲಸ್‌ನಲ್ಲಿ ಬಿದ್ದವರ ಉತ್ತರಪತ್ರಿಕೆ ತೆಗೆದು ನೋಡಿದರೆ ತಪ್ಪು ಅನೇಕ ಸಲ ಕ್ಯಾಲ್ಕುಲಸ್‌ನಲ್ಲಿ ಇರುವುದಿಲ್ಲ. ಅವಕಲನ ಸರಿಯಾಗಿರುತ್ತದೆ, ಆಮೇಲೆ ಆವರಣ ಬಿಡಿಸುವಾಗ ಋಣಚಿಹ್ನೆ ಕಳಚಿರುತ್ತದೆ; ಎರಡು ಪದಗಳ ಮೊತ್ತದ ವರ್ಗವನ್ನು ವರ್ಗಗಳ ಮೊತ್ತ ಎಂದು ಬರೆದಿರುತ್ತಾರೆ; ಮೊತ್ತದ ಲಾಗರಿದಮ್ಮನ್ನು ಎರಡಾಗಿ ಒಡೆದಿರುತ್ತಾರೆ. ಹತ್ತನೆಯ ತರಗತಿ ಮತ್ತು ಮೊದಲ ಪಿಯುನ ಬೀಜಗಣಿತ, ತ್ರಿಕೋನಮಿತಿ ಗೊತ್ತೇ ಇದೆ ಎಂದು ಪಠ್ಯಕ್ರಮ ಊಹಿಸಿಕೊಂಡು ಹೊರಡುತ್ತದೆ. ಸೆಮಿಸ್ಟರಿನ ಮೊದಲ ಎರಡು ವಾರ ಇದನ್ನೇ ತಿದ್ದಲು ಕೊಟ್ಟರೆ ಮುಂದಿನ ಹತ್ತು ವಾರ ಹಗುರವಾಗುತ್ತವೆ. ಆದರೆ 56 ತಾಸಿನಲ್ಲಿ ಅದಕ್ಕೆಂದು ಒಂದು ತಾಸನ್ನೂ ಎತ್ತಿಟ್ಟಿಲ್ಲ. ಹಾಗಾಗಿ ಆ ಕೆಲಸ ವಿದ್ಯಾರ್ಥಿ ಮನೆಯಲ್ಲಿ, ದಿನಕ್ಕೆ ಒಂದೆರಡು ತಾಸು ಕಾಗದದ ಮೇಲೆ ಲೆಕ್ಕ ಬಿಡಿಸಿ ಮಾಡಿಕೊಳ್ಳಬೇಕಾದದ್ದು. ಬಿಡಿಸಿದ್ದನ್ನು ನೋಡಿಕೊಂಡು ಹೋಗುವುದು ಅಭ್ಯಾಸವಲ್ಲ. ಯೂಟ್ಯೂಬಿನ ಪಾಠಕ್ಕೂ ಗೈಡಿಗೂ ಈ ಮಾತು ಸಲ್ಲುತ್ತದೆ.

ಪ್ರಾಯೋಗಿಕ ತರಗತಿಯೂ ಉಂಟು. ಗಣಿತಕ್ಕೆ ಪ್ರಾಕ್ಟಿಕಲ್ ಎಂದರೆ ಹಿರಿಯರಿಗೆ ಆಶ್ಚರ್ಯ. ಇಲ್ಲಿ ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್‌ನಂಥ ಉಚಿತ ತಂತ್ರಾಂಶಗಳಲ್ಲಿ ವಕ್ರರೇಖೆ ಎಳೆಯುವುದು, ಅವಕಲನ ಮಾಡಿಸುವುದು, ಪ್ರಮೇಯ ತಾಳೆ ನೋಡುವುದು ಇರುತ್ತದೆ. ರೆಕಾರ್ಡ್ ಬರೆದು ಸಹಿ ಹಾಕಿಸಬೇಕು. ಕಂಪ್ಯೂಟರ್ ಉತ್ತರ ಕೊಡುತ್ತದೆ ಎಂದು ಕೈಲೆಕ್ಕ ಬಿಟ್ಟವರು ಲಿಖಿತ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಎಂಜಿನಿಯರಿಂಗ್‌ಗೆ ಹೋದವರಿಗೆ ನಿಯಮ ಬೇರೆ. 1998ರಲ್ಲಿ ಆರಂಭವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಯೋಜನೆಯಲ್ಲಿ ಕಾಲೇಜಿನ ನಿರಂತರ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50 ಅಂಕ. ಮೊದಲನೆಯದರಲ್ಲಿ ಶೇ. 40, ಅಂದರೆ 20 ಅಂಕ ಬಾರದಿದ್ದರೆ ಕೊನೆಯ ಪರೀಕ್ಷೆಗೆ ಪ್ರವೇಶವೇ ಇಲ್ಲ. ಪರೀಕ್ಷೆಯಲ್ಲಿ ಕನಿಷ್ಠ ಶೇ. 35, ಎರಡೂ ಸೇರಿ ಶೇ. 40 ಬೇಕು. ಹಾಜರಿ ಶೇ. 85; ತಕ್ಕ ಕಾರಣವಿದ್ದರೆ ಶೇ. 75ರವರೆಗೆ ಮನ್ನಾ. ಕಂಪ್ಯೂಟರ್, ವಿದ್ಯುತ್, ಸಿವಿಲ್, ಮೆಕ್ಯಾನಿಕಲ್ ಶಾಖೆಗಳಿಗೆ ಗಣಿತದ ಪತ್ರಿಕೆಗಳೂ ಬೇರೆ ಬೇರೆ, ಧ್ರುವೀಯ ವಕ್ರಗಳು ಮತ್ತು ಸರಣಿ ವಿಸ್ತರಣೆ ಮಾತ್ರ ಎಲ್ಲರಿಗೂ ತಪ್ಪಿದ್ದಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರು ಮೊದಲ ವರ್ಷದ ಕ್ಯಾಲ್ಕುಲಸ್ ಓದಿರುವುದಿಲ್ಲವಾದ್ದರಿಂದ ಅವರಿಗೆ ಹೆಚ್ಚುವರಿ ಗಣಿತದ ಕಡ್ಡಾಯ ಪತ್ರಿಕೆ ಇರುತ್ತದೆ. ಅದಕ್ಕೆ ಕ್ರೆಡಿಟ್ ಇಲ್ಲ, ಪಾಸಾಗದೆ ಪದವಿಯೂ ಇಲ್ಲ. ಸಿಮೆಂಟ್ ಕಾರ್ಖಾನೆಗಳ ಈ ಪ್ರದೇಶದಲ್ಲಿ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿ, ಆಮೇಲೆ ಎಂಜಿನಿಯರಿಂಗ್ ಬಯಸುವವರು ತಿಳಿದಿರಬೇಕಾದ ನಿಯಮ ಇದು.

ಬಿಎಸ್ಸಿಯಲ್ಲಿ ಮೊದಲ ಸೆಮಿಸ್ಟರಿನ ಪತ್ರಿಕೆ ಉಳಿದರೆ ವರ್ಷ ಹಾಳಾಗುವುದಿಲ್ಲ. ಮುಂದಿನ ಸೆಮಿಸ್ಟರಿಗೆ ಹೋಗುತ್ತ ಅದನ್ನು ಮತ್ತೆ ಬರೆಯಬಹುದು. ಫಲಿತಾಂಶದಲ್ಲಿ ಅನುಮಾನವಿದ್ದರೆ ಶುಲ್ಕ ಕಟ್ಟಿ ಮರುಮೌಲ್ಯಮಾಪನ ಕೇಳಬಹುದು, ಅದಕ್ಕೆ ಗಡುವು ಇರುತ್ತದೆ. ಆದರೆ ಎರಡನೇ ಸೆಮಿಸ್ಟರಿನ ಪಾಠ ಮೊದಲನೆಯದು ಬಂದೇ ಬರುತ್ತದೆ ಎಂದುಕೊಂಡು ಶುರುವಾಗುತ್ತದೆ. ಹಳೆಯ ಪತ್ರಿಕೆ ಉಳಿಸಿಕೊಂಡವರು ಅದರ ಪುಸ್ತಕವನ್ನು ಮರುಪರೀಕ್ಷೆಯ ಹಿಂದಿನ ವಾರ ತೆರೆಯುವ ಬದಲು, ಹೊಸ ಸೆಮಿಸ್ಟರಿನ ಮೊದಲ ವಾರದಲ್ಲೇ ಮಿತಿಯ ಅಧ್ಯಾಯದಿಂದ ತೆರೆದರೆ ಎರಡು ಪತ್ರಿಕೆಗೂ ಓದಿದಂತಾಗುತ್ತದೆ.