ಬಾವಿ ಪಂಪಿನ ಗುಂಡು ವಾಲ್ವ್: ಸೀಟು ಸರಿಯಿಲ್ಲದಿದ್ರೆ ಬೆಳಗ್ಗೆ ನೀರಿಲ್ಲ

ಏಪ್ರಿಲ್ ತಿಂಗಳು, ಕರೆಂಟಿಲ್ಲ. ನರ್ಸರಿಯಲ್ಲಿ ಕಾಳುಮೆಣಸಿನ ಎಂಟುನೂರು ಪಾಕೀಟು ಒಣಗ್ತಾ ಇವೆ. ಬಾವಿಕಟ್ಟೆಯ ಪಿಸ್ಟನ್ ಕೈಪಂಪು ಎಷ್ಟು ಒತ್ತಿದರೂ ಬರೀ ಗಾಳಿ. ರಾತ್ರಿ ಪೈಪು ತುಂಬಾ ನೀರಿತ್ತು, ಬೆಳಗ್ಗೆ ಖಾಲಿ. ಅಪ್ಪ ಕೊಡದಲ್ಲಿ ನೀರು ಸೇದುತ್ತಾ, "ತೋಟಗಾರಿಕೆ ಓದಿದೋನು ಮೊದಲು ಫಿಟ್ಟರ್ ಕೆಲಸ ಕಲಿ" ಅಂದ್ರು. ನೂರಕ್ಕೂ ಹೆಚ್ಚು ಸಸಿ ಹೋದವು.

ಮೂರು ಸಲ ಪಿಸ್ಟನ್ ವಾಷರ್ ಬದಲಿಸಿದ್ದೆ. ತಪ್ಪು ಇದ್ದದ್ದು ಕೆಳಗಿನ ವಾಲ್ವಿನಲ್ಲಿ. ಗುಜರಿಯಿಂದ ತಂದ ಬೇರಿಂಗ್ ಗುಂಡು ಹಾಕಿದ್ದೆ. ಬೇರಿಂಗ್ ಉಕ್ಕು ಗಟ್ಟಿ, ಆದರೆ ನೀರಲ್ಲಿ ತುಕ್ಕು ಹಿಡಿಯುತ್ತೆ. ಮೈತುಂಬಾ ಸಣ್ಣ ಗುಳಿ ಬಿದ್ದಿತ್ತು.

ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಗುಂಡು ಎದ್ದು ನೀರು ಒಳಗೆ ಬರುತ್ತೆ. ಕೆಳಗೆ ಬಂದಾಗ ಅದು ಕೂತು, ಪಿಸ್ಟನ್ನಿನೊಳಗಿನ ಗುಂಡು ಏಳುತ್ತೆ. ಗುಂಡು ಸೀಟನ್ನು ಮುಟ್ಟೋದು ಕೂದಲೆಳೆಯಂಥ ಒಂದು ಸುತ್ತುಗೆರೆಯಲ್ಲಿ ಮಾತ್ರ. ಅಲ್ಲಿ ಗುಳಿಯಾದ್ರೆ ನೀರು ಇಳಿದೇ ಹೋಗುತ್ತೆ.

ಈ ಸಲ ಲೇತ್‌ನಲ್ಲಿ ಹಿತ್ತಾಳೆ ಸೀಟು ಮಾಡಿಸಿದೆ. ಗುಂಡು 25 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್, ತೂತು 17 ಮಿ.ಮೀ., ಅಂಚಿನ ಇಳಿಜಾರು 45 ಡಿಗ್ರಿ. ತೂತು ಗುಂಡಿನಷ್ಟೇ ದೊಡ್ಡದಾದ್ರೆ ಗುಂಡು ಸಿಕ್ಕಿಕೊಳ್ಳುತ್ತೆ, ತೀರಾ ಚಿಕ್ಕದಾದ್ರೆ ನೀರು ಬರಲ್ಲ. ಹೆಚ್ಚಿನವರು ಮರೆಯೋದು ಗುಂಡಿನ ಸುತ್ತಲಿನ ಜಾಗ. ಗೂಡಿನ ಒಳವ್ಯಾಸ 30 ಮಿ.ಮೀ. ಇಟ್ಟರೆ ಗುಂಡಿನ ಪಕ್ಕದ ದಾರಿ ತೂತಿಗಿಂತ ಕಿರಿದು! 32 ಇಡಿ. ಗುಂಡು ಮೇಲೇಳೋಕೆ 6ರಿಂದ 8 ಮಿ.ಮೀ. ಸಾಕು. ಜಾಸ್ತಿ ಬಿಟ್ಟರೆ ತಡವಾಗಿ ಕೂತು, ಅಷ್ಟರಲ್ಲಿ ನೀರು ಜಾರುತ್ತೆ.

ಗಾಜಿನ ಗೋಲಿಯೂ ನಡೆಯುತ್ತೆ, ತುಕ್ಕು ಹಿಡಿಯಲ್ಲ. ಉಕ್ಕಿನ ಮೂರನೇ ಒಂದು ಪಾಲು ತೂಕ, ಹಾಗಾಗಿ ನಿಧಾನಕ್ಕೆ ಕೂರುತ್ತೆ. ಮೆಲ್ಲಗೆ ಒತ್ತುವ ಕೈಪಂಪಿಗೆ ಪರವಾಗಿಲ್ಲ. ಅಂಗಡಿ ಗೋಲಿಗಳು ಪೂರ್ತಿ ದುಂಡಗಿರಲ್ಲ, ಕ್ಯಾಲಿಪರ್‌ನಲ್ಲಿ ನಾಲ್ಕು ಕಡೆ ಅಳೆದು ಆರಿಸಿ.

ಸೀಟಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಹಳೇ ಗುಂಡಿನಿಂದ ತಿಕ್ಕಿ. ಹೊಸ ಗುಂಡನ್ನು ಈ ಕೆಲಸಕ್ಕೆ ಬಳಸಬೇಡಿ. ಪೇಸ್ಟ್ ಚೆನ್ನಾಗಿ ತೊಳೆದು, ಹೊಸ ಗುಂಡಿಟ್ಟು ಮೇಲೆ ನೀರು ತುಂಬಿ ರಾತ್ರಿ ಬಿಡಿ. ಕೆಳಗಿಟ್ಟ ಪೇಪರ್ ಒದ್ದೆಯಾಗಬಾರದು. ನಾನು ಎರಡು ಸಲ ತಿಕ್ಕಬೇಕಾಯ್ತು.

ಒಂದು ಮಾತು, ನೀರು 7 ಮೀಟರಿಗಿಂತ ಆಳದಲ್ಲಿದ್ದರೆ ಕಟ್ಟೆ ಮೇಲಿನ ಪಂಪು ಎಳೆಯಲ್ಲ. ಆಗ ಸಿಲಿಂಡರನ್ನೇ ನೀರೊಳಗೆ ಇಳಿಸಬೇಕು. ಅಳತೆಗಳು ಇವೇ.

ಈಗ ಬೆಳಗ್ಗೆ ಎರಡನೇ ಒತ್ತಿಗೇ ನೀರು ಬರುತ್ತೆ. ಮರಳಿನ ಕಾಟ ಇನ್ನೂ ಇದೆ, ಜಾಲರಿ ಕಟ್ಟೋದನ್ನ ಮುಂದಿನ ವಾರ ಬರೀತೀನಿ.