ಮಾತಾಡಿಸಿಕೊಂಡು ಬರುವವರು

ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ಬಳಸುವ ಮಾತೇ ಬೇರೆ. ‘ಮಾತಾಡಿಸಿಕೊಂಡು ಬರಬೇಕು’ ಅನ್ನುತ್ತೇವೆ. ಹೋದವರು ಕೇಳುವುದೂ ಒಂದೇ ಪ್ರಶ್ನೆ: ‘ಏನಾಗಿತ್ತು?’ ಮನೆಯವರು ಮೊದಲಿನಿಂದ ಹೇಳುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಬರುತ್ತಾರೆ, ಮತ್ತೆ ಮೊದಲಿನಿಂದ. ತಿಥಿಯ ಹೊತ್ತಿಗೆ ಅದೇ ಕಥೆಯನ್ನು ಮೂವತ್ತು ನಲವತ್ತು ಸಲ ಹೇಳಿ ಆಗಿರುತ್ತದೆ. ಮೊದಲ ದಿನ ಅರ್ಧಕ್ಕೇ ಬಿಕ್ಕಿದವರು, ಐದನೇ ದಿನ ‘ಸೋಮವಾರ ಅಲ್ಲ, ಭಾನುವಾರ ಜ್ವರ ಬಂದದ್ದು’ ಎಂದು ತಿದ್ದುವಷ್ಟು ಸುಧಾರಿಸಿಕೊಂಡಿರುತ್ತಾರೆ. ಇದು ಚಿಕಿತ್ಸೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕೊರೊನಾ ಬಂದು ಅದು ನಿಂತುಹೋದಾಗಲೇ ಗೊತ್ತಾದದ್ದು.

ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ಕೈಗೆ ಕ್ವಾರಂಟೈನ್ ಮುದ್ರೆ, ಬಾಗಿಲಿಗೆ ನೋಟಿಸು ಬಿದ್ದವು. ಮರುವರ್ಷ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ. ಬೆಂಗಳೂರಿನ ಚಾಮರಾಜಪೇಟೆಯ ಚಿತಾಗಾರದ ಮುಂದೆ ಸಿನಿಮಾ ಟಾಕೀಸಿನ ಹಾಗೆ ‘ಹೌಸ್‌ಫುಲ್’ ಬೋರ್ಡು ನೇತುಬಿದ್ದದ್ದೂ ಆ ದಿನಗಳಲ್ಲೇ.

ನಮ್ಮ ದೊಡ್ಡಪ್ಪ ಹೋದದ್ದು ಆ ತಿಂಗಳು. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅಡುಗೆ ತಂದು ಎದುರು ಕೂತು ಉಣ್ಣಿಸುತ್ತಾರೆ. ಅವತ್ತು ಎದುರುಮನೆಯವರು ಉಪ್ಪಿಟ್ಟಿನ ಸ್ಟೀಲ್ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು, ಒಂದು ಕೂಗು ಹಾಕಿ, ಹಿಂದೆ ಸರಿದರು. ‘ಡಬ್ಬಿ ನಿಮ್ಮಲ್ಲೇ ಇರಲಿ’ ಅಂದರು. ದೊಡ್ಡಮ್ಮ ತೊಳೆದು ಒರೆಸಿ ಕಿಟಕಿಯಲ್ಲಿ ಜೋಡಿಸುತ್ತಾ ಹೋದರು. ಹನ್ನೊಂದು ದಿನಕ್ಕೆ ಒಂಬತ್ತು ಡಬ್ಬಿ.

ಫೋನುಗಳೇನೋ ಬರುತ್ತಿದ್ದವು. ಆದರೆ ಫೋನಿನಲ್ಲಿ ಅಳುವುದು ಕಷ್ಟ. ದೊಡ್ಡಮ್ಮ ಗಂಟಲು ಕಟ್ಟಿ ಸುಮ್ಮನಾದರೆ ಆ ಕಡೆಯವರು ಸಿಗ್ನಲ್ ಹೋಯಿತೆಂದುಕೊಂಡು ‘ಹಲೋ, ಹಲೋ’ ಅನ್ನುತ್ತಿದ್ದರು.

ಕಷ್ಟಕಾಲದಲ್ಲಿ ನಮ್ಮನ್ನು ಉಳಿಸಿದ್ದು ಕುಟುಂಬ ಎಂಬ ಮಾತನ್ನು ಆಮೇಲೆ ಬೇಕಾದಷ್ಟು ಕೇಳಿದ್ದೇವೆ. ನನಗೆ ಅದು ಅರ್ಧ ನಿಜ ಅನ್ನಿಸುತ್ತದೆ. ಮನೆಯೊಳಗೆ ಮಗ ನೋಡುತ್ತಾನೆಂದು ದೊಡ್ಡಮ್ಮ ಅಳಲಿಲ್ಲ, ತಾಯಿ ಕುಗ್ಗುತ್ತಾಳೆಂದು ಮಗ ಅಳಲಿಲ್ಲ. ಮಗ ಕೆಲಸ ಹೋದ ಸುದ್ದಿಯನ್ನೂ ನುಂಗಿಕೊಂಡಿದ್ದ. ಒಬ್ಬರಿಗೊಬ್ಬರು ಗಟ್ಟಿಯಾಗಿರುವ ನಾಟಕದಲ್ಲೇ ಇಬ್ಬರೂ ಸೋತುಹೋದರು. ದುಃಖ ಬಿಚ್ಚಲು ಹೊರಗಿನವರೊಬ್ಬರು ಬೇಕು, ಸ್ವಲ್ಪ ದೂರದ ನೆಂಟರಾದರೆ ಇನ್ನೂ ಒಳ್ಳೆಯದು.

ಆ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ, ಯಾರೂ ಒಯ್ಯದೆ ಉಳಿದಿದ್ದ 560ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಕಾವೇರಿಯಲ್ಲಿ ಬಿಟ್ಟಿತು. ಆಗಿನ ಕಂದಾಯ ಸಚಿವ ಆರ್. ಅಶೋಕ ಅವರೇ ನಿಂತು ವಿಧಿ ಮುಗಿಸಿದರು. ‘ಎಂಥಾ ಕಲ್ಲುಮನಸ್ಸಿನ ಮಕ್ಕಳು’ ಎಂದವರಿದ್ದರು. ಮನೆಮಂದಿಯೆಲ್ಲ ಹಾಸಿಗೆ ಹಿಡಿದಿದ್ದರೆ, ಇದ್ದಬದ್ದ ದುಡ್ಡು ಆಸ್ಪತ್ರೆಗೆ ಸುರಿದಿದ್ದರೆ, ಅಸ್ಥಿಯ ಮಡಕೆ ತರಲು ಯಾರು ಹೋಗಬೇಕಿತ್ತು? ಬಯ್ಯುವವರಿಗೇನು, ಬೈದರು. ನದಿಗೆ ಅಸ್ಥಿ ಸೇರಿತು, ಆ ಮನೆಗಳಲ್ಲಿ ಅಳು ಎಲ್ಲಿ ಸೇರಿತೋ.

ಇದಕ್ಕೆಲ್ಲ ಮನೋವೈದ್ಯರಿಲ್ಲವೇ? ಬಡ ದೇಶಗಳ ಲೆಕ್ಕ ಹಾಗಿಲ್ಲ. ಜಿಂಬಾಬ್ವೆಯಲ್ಲಂತೂ ಅವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲೊಬ್ಬರಾದ ಡಾ. ಡಿಕ್ಸನ್ ಚಿಬಾಂಡ ಅವರ ಬಳಿ ಬರಬೇಕಿದ್ದ ರೋಗಿಯೊಬ್ಬಳು ಬಸ್ ಚಾರ್ಜಿಗೆ ಕಾಸಿಲ್ಲದೆ ಬರಲಿಲ್ಲ, ಪ್ರಾಣ ಕಳೆದುಕೊಂಡಳು. ಡಾಕ್ಟರು 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯ 14 ಅಜ್ಜಿಯರನ್ನು ಸೇರಿಸಿ ತರಬೇತಿ ಕೊಟ್ಟರು, ಕ್ಲಿನಿಕ್ಕಿನ ಅಂಗಳದಲ್ಲಿ ಒಂದು ಮರದ ಬೆಂಚು ಹಾಕಿಸಿದರು. ಅಜ್ಜಿ ಕೂರುತ್ತಾಳೆ, ಬಂದವರು ಹೇಳುತ್ತಾರೆ, ಇಬ್ಬರೂ ಸೇರಿ ದಾರಿ ಹುಡುಕುತ್ತಾರೆ. ಖಿನ್ನತೆ ಎಂಬ ಡಾಕ್ಟರ ಮಾತು ಅಲ್ಲಿ ನಡೆಯುವುದಿಲ್ಲ. ಅವರ ಶೋನಾ ಭಾಷೆಯಲ್ಲಿ ಅದು ‘ಕುಫುಂಗಿಸಿಸ’, ಅಂದರೆ ವಿಪರೀತ ಯೋಚನೆ. ನಮ್ಮ ಅಜ್ಜಿಯರು ‘ಮನಸ್ಸಿಗೆ ಹಚ್ಕೊಂಡುಬಿಟ್ಟಿದಾಳೆ’ ಅನ್ನುವುದಿಲ್ಲವೇ, ಹೆಚ್ಚುಕಡಿಮೆ ಅದೇ. 573 ಜನರನ್ನು ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು: ಆರು ತಿಂಗಳ ಬಳಿಕ, ಬೆಂಚಿನಲ್ಲಿ ಕೂತವರು ಮಾಮೂಲಿ ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಚೇತರಿಸಿಕೊಂಡಿದ್ದರು. ಸೋಂಕು ಬಂದಾಗ ಬೆಂಚು ಖಾಲಿಯಾಯಿತು, ಮಾತುಕತೆ ಫೋನಿಗೂ ವಾಟ್ಸ್‌ಆ್ಯಪಿಗೂ ಹೋಯಿತು. ಅಲ್ಲಿಯೂ ಅಜ್ಜಿಯರು ‘ಹಲೋ, ಹಲೋ’ ಅಂದಿರಬೇಕು.

ನಮ್ಮಲ್ಲಿ ಅಂಥ ಬೆಂಚಿಗೆ ತಕ್ಕವರು ಇರಲಿಲ್ಲವೆಂದಲ್ಲ. ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದರು. ಆದರೆ ಅವರ ಕೈಗೆ ನಾವು ಕೊಟ್ಟದ್ದು ಪಟ್ಟಿ: ಕೆಮ್ಮು ಯಾರಿಗೆ, ಬೆಂಗಳೂರಿಂದ ಬಂದವರು ಯಾರು. ನೆಂಟಳ ಹಾಗೆ ಬರಬೇಕಾದವಳು ಗಣತಿಯವಳ ಹಾಗೆ ಬಂದಳು, ಜನ ಬಾಗಿಲು ಹಾಕಿಕೊಂಡರು. ಅವರೇ 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಅವರನ್ನು ಮಾತಾಡಿಸಿದವರು ಯಾರು?

ದೊಡ್ಡಮ್ಮನ ಮನೆಗೆ ಮೊದಲ ಸಲ ಒಬ್ಬರು ಬಂದದ್ದು ಎಂಟು ತಿಂಗಳಾದ ಮೇಲೆ. ದೊಡ್ಡಪ್ಪನ ಸೋದರತ್ತೆಯ ಮಗಳು, ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಸಿಗುವವಳು. ಚಾಪೆಯ ಮೇಲೆ ಕೂತು, ಮಾಸ್ಕು ಇಳಿಸಿ, ‘ಏನಾಗಿತ್ತಕ್ಕಾ?’ ಅಂದಳು. ದೊಡ್ಡಮ್ಮ ಭಾನುವಾರದ ಜ್ವರದಿಂದ ಶುರುಮಾಡಿದರು. ನಿಲ್ಲಿಸುವಾಗ ಸಂಜೆಯಾಗಿತ್ತು. ಸಾವಿನ ಮನೆಯಲ್ಲಿ ‘ಬರ್ತೀನಿ’ ಅನ್ನಬಾರದು. ಆಕೆ ಕಾಫಿ ಲೋಟ ಕೆಳಗಿಟ್ಟು, ಏನೂ ಹೇಳದೆ ಎದ್ದು ಹೋದಳು. ದೊಡ್ಡಮ್ಮ ಕಿಟಕಿಯಿಂದ ಡಬ್ಬಿಗಳನ್ನಿಳಿಸಿ, ಎದುರುಮನೆಗೆ ವಾಪಸು ಕೊಡಲು ಚೀಲ ಹುಡುಕತೊಡಗಿದರು.